ಸೀದ ಎಳ್ಳು

“ಗುರುಗಳೇ, ನಮ್ಮವರ ಮನಸ್ಸು ನೋಯುವುದಾದರೆ ನಿಜವನ್ನು ನುಂಗಿಕೊಂಡು ಸುಮ್ಮನಿರುವುದೇ ದಯೆಯಲ್ಲವೇ?” ಎಂದು ಶಿಷ್ಯ ಕೇಳಿದ. ಊರಿಗೆ ಹೋಗಿಬಂದಾಗಿನಿಂದ ಆ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ, ಒಬ್ಬಳೇ ಮಗಳು. ವಾರಕ್ಕೊಮ್ಮೆ ಹುರಿಗಾಳು ಮಾಡಿಡುವುದು ಆ ಮನೆಯ ರೂಢಿ. ಜೋಳದ ಅರಳು, ಕಡಲೆ, ಶೇಂಗಾ, ಕರಿ ಎಳ್ಳು ಎಲ್ಲವನ್ನೂ ಬೇರೆ ಬೇರೆ ಹುರಿದು, ಬೆಲ್ಲದ ಪಾಕದಲ್ಲಿ ಕಲಸಿ, ಆರಿದ ಮೇಲೆ ಮುರಿದು ಗಡಿಗೆಗೆ ತುಂಬಬೇಕು. ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿಂದರೆ ಮಧ್ಯಾಹ್ನದವರೆಗೆ ಮಗ್ಗದ ಮುಂದೆ ಹಸಿವಿನ ಮಾತಿಲ್ಲ. ಇದರಲ್ಲಿ ಕಷ್ಟದ್ದು ಎಳ್ಳೊಂದೇ. ಕಪ್ಪು ಕಾಳು ಸೀದರೂ ಕಪ್ಪೇ. ಅದರ ಹದವನ್ನು ಕಣ್ಣು ಹೇಳಲಾರದು, ಮೂಗೇ ಹೇಳಬೇಕು. ಒಂದು ಹಿಡಿ ಎಳ್ಳು ಸೀದರೆ ಗಡಿಗೆಯೆಲ್ಲ ಕಹಿ.

ಒಂದು ಮಳೆಗಾಲದಲ್ಲಿ ತಾಯಿ ಮಗಳಿಬ್ಬರೂ ಜ್ವರದಲ್ಲಿ ಮಲಗಿದರು. ತಾಯಿ ಎದ್ದಳು. ಮಗಳು ಎದ್ದರೂ ಮೂಳೆಚಕ್ಕಳವಾಗಿದ್ದಳು. ವೈದ್ಯ ನೇಕಾರನನ್ನು ಪಕ್ಕಕ್ಕೆ ಕರೆದು, “ಇನ್ನೊಂದು ಜ್ವರವನ್ನು ಈ ಮೈ ತಾಳುವುದಿಲ್ಲ. ಚಳಿ ಬೀಳುವುದರೊಳಗೆ ಕಸುವು ಬರಬೇಕು. ನಿಮ್ಮ ಹುರಿಗಾಳನ್ನೇ ಹಾಲಿನಲ್ಲಿ ನೆನೆಸಿ ಎರಡು ಹೊತ್ತು ತಿನ್ನಿಸಿ” ಎಂದ.

ತಾಯಿ ಆ ದಿನವೇ ಒಲೆ ಹಚ್ಚಿದಳು. ನೇಕಾರ ಮೊದಲ ತುತ್ತು ಬಾಯಿಗಿಟ್ಟ. ಎಳ್ಳು ಸೀದಿತ್ತು. ಈಗಷ್ಟೇ ಹಾಸಿಗೆ ಬಿಟ್ಟು ಎದ್ದವಳು, ಬೆವರು ಸುರಿಸಿ ಮಾಡಿದ್ದಾಳೆ. “ಚೆನ್ನಾಗಿದೆ” ಎಂದ. ಮುಂದಿನ ವಾರವೂ ಸೀದಿತ್ತು. ಆಗಲೂ ಹಾಗೇ ಎಂದ. ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

“ಅಪ್ಪಾ, ಗಂಟಲಲ್ಲಿ ಇಳಿಯುವುದಿಲ್ಲ, ಕಹಿ” ಎಂದಳು ಮಗಳು.

“ಅವ್ವನ ಮುಂದೆ ಅನ್ನಬೇಡ ಕಂದ, ನೊಂದುಕೊಳ್ಳುತ್ತಾಳೆ. ಹೇಗಾದರೂ ತಿಂದುಬಿಡು.”

ಮಗಳು ಒಳ್ಳೆಯವಳು. ಅವ್ವನ ಮುಂದೆ ಅನ್ನಲಿಲ್ಲ. ಹಿತ್ತಿಲ ಮೇಕೆಗೆ ಸುರಿದು ಬಟ್ಟಲನ್ನು ತೊಳೆದಿಡುತ್ತಿದ್ದಳು. ಬರಿದಾದ ಬಟ್ಟಲು ಕಂಡು ತಾಯಿ ಹಿಗ್ಗುತ್ತಿದ್ದಳು. ಕೆಲವು ದಿನಗಳಲ್ಲಿ ನೇಕಾರನಿಗೆ ಮೇಕೆಯ ವಿಷಯ ಗೊತ್ತಾಯಿತು. ಹೆಂಡತಿಗೆ ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಎನ್ನುತ್ತ ಚಳಿ ಬಿತ್ತು, ಜ್ವರ ಮರಳಿತು. ಮೂರೇ ದಿನ. ಹುಡುಗಿ ಹೋದಳು.

ಹನ್ನೊಂದನೆಯ ದಿನ, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಟ್ಟು ಕಾಗೆಗೆ ಕಾಯುವುದು ಅಲ್ಲಿಯ ಪದ್ಧತಿ. ಕಾಗೆ ತಿನ್ನದಿದ್ದರೆ ಆ ಜೀವಕ್ಕೆ ಏನೋ ಆಸೆ ಉಳಿದಿದೆ ಎಂದು ಅರ್ಥ. ತಾಯಿ ಬಟ್ಟಲು ತುಂಬ ಹುರಿಗಾಳು ಇಟ್ಟಳು. ಕಾಗೆ ಬಂದು ಒಮ್ಮೆ ಕೊಕ್ಕಿಟ್ಟಿತು, ತಿನ್ನದೆ ಹಾರಿಹೋಯಿತು. ಮತ್ತೆ ಬರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಆಕೆ ಬಟ್ಟಲನ್ನು ಗಂಡನ ಮುಂದೆ ಹಿಡಿದಳು. “ಮಳೆಗಾಲದಲ್ಲಿ ಆ ಜ್ವರ ಬಂದಾಗಿನಿಂದ ನನಗೆ ವಾಸನೆಯೂ ತಿಳಿಯುವುದಿಲ್ಲ, ರುಚಿಯೂ ತಿಳಿಯುವುದಿಲ್ಲ. ನಿಮಗೆ ಗಾಬರಿಯಾದೀತೆಂದು ಹೇಳಲಿಲ್ಲ. ಅಂದಾಜಿನ ಮೇಲೆ ಹುರಿಯುತ್ತಿದ್ದೆ. ನಿಜ ಹೇಳಿ, ಎಳ್ಳು ಸೀದಿದೆಯೇ?”

ನೇಕಾರ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಬಾಯೆಲ್ಲ ಕಹಿಯಾಯಿತು. ನಿಧಾನವಾಗಿ ಅಗಿದು ನುಂಗಿದ. “ಇಲ್ಲ, ಹದವಾಗಿದೆ” ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಆ ಮನೆಯಲ್ಲಿ ತಪ್ಪು ಮಾಡಿದವರು ಯಾರು?” ಎಂದು ಕೇಳಿದ.

“ಆ ಮನೆಯಲ್ಲಿ ಯಾರೂ ಯಾರ ಮನಸ್ಸನ್ನೂ ನೋಯಿಸಲಿಲ್ಲ, ಒಂದು ಮಗು ಹೋಯಿತು, ಅಷ್ಟೆ” ಎಂದರು ಗುರುಗಳು.