ಒಂದು ಕಂಪ್ಯೂಟರ್‌ನಲ್ಲಿ ಉಳಿದ ಹಳೆಯ ಬ್ರೌಸರ್

ಹಾವೇರಿಯಲ್ಲಿ ಸುಮಂಗಲಾ ಎಂಬಾಕೆ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದಳು. ಅಲ್ಲಿನ ಕಂಪ್ಯೂಟರ್‌ಗಳಲ್ಲಿ ಇದ್ದದ್ದು ತೀರಾ ಹಳೆಯ ಬ್ರೌಸರ್. ಅದಕ್ಕೆ ಅಪ್‌ಡೇಟ್ ಬರುವುದೇ ನಿಂತುಹೋಗಿತ್ತು.

ಕಂಪ್ಯೂಟರ್ ನೋಡಿಕೊಳ್ಳುವ ಮೆಹಬೂಬ ಒಂದು ದಿನ, "ಇದನ್ನ ತಗದು ಹೊಸಾದು ಹಾಕೋಣ್ರಿ ಅಕ್ಕಾರ. ಖೋಟಾ ಪೇಜ್ ಬಂದ್ರ ಅದು ತಡೀತೈತಿ" ಎಂದ. ಸುಮಂಗಲಾ ಒಪ್ಪಿದಳು, ಅವನು ಅಂದೇ ಎಲ್ಲದರಲ್ಲೂ ಹೊಸದು ಹಾಕಿದ.

ಮರುದಿನವೇ ಗೊಣಗಾಟ ಶುರುವಾಯಿತು. ರಿಪೋರ್ಟ್ ಟೈಪ್ ಮಾಡುವ ವಿರೂಪಾಕ್ಷ ಬಂದು, "ಅಕ್ಕಾರ, ಈ ಹೊಸಾ ಬ್ರೌಸರ್ ಮಾತ್ಮಾತಿಗೂ ಅಡ್ಡ ಬರತೈತಿ. ರಿಪೋರ್ಟ್ ತಡಾ ಆಗಿ ಹೊರಗ ಮಂದಿ ಬೈಯಾಕತ್ತಾರ. ನನಗ ಹಳೇದ ಇರಲ್ರಿ" ಎಂದ.

"ಒಂದರಾಗ ಬಿಟ್ರೂ ಬಾಗಿಲಾ ತಗದು ಇಟ್ಟಂಗರಿ" ಎಂದ ಮೆಹಬೂಬ.

ಹೊರಗೆ ಯಾರೋ ರಿಪೋರ್ಟ್ ಎಲ್ಲಿ ಎಂದು ಕೂಗುತ್ತಿದ್ದರು. ಸುಮಂಗಲಾ ಬಾಗಿಲ ಕಡೆ ನೋಡಿದಳು. "ಸದ್ಯ ಅವನಿಗೆ ಹಳೇದ ಇರಲಿ" ಎಂದುಬಿಟ್ಟಳು. ಅಂದಿನಿಂದ ವಿರೂಪಾಕ್ಷನ ಮೇಜಿನ ಬಳಿ ಹೋದಾಗಲೆಲ್ಲ ಅವಳಿಗೆ ಮೆಹಬೂಬನ ಮಾತು ನೆನಪಾಗುತ್ತಿತ್ತು. ಆದರೂ ಆ ಮಾತು ಮತ್ತೆ ಎತ್ತಲಿಲ್ಲ.

ಒಂದು ಬೆಳಿಗ್ಗೆ ಎಲ್ಲರಿಗೂ ಒಂದು ಮೇಲ್ ಬಂತು. 'ನಿಮ್ಮ ರಿಪೋರ್ಟ್ ಖಾತೆ ಇಂದೇ ಬಂದ್ ಆಗಲಿದೆ. ಕೂಡಲೇ ಇಲ್ಲಿ ಒತ್ತಿ ಲಾಗಿನ್ ಆಗಿ' ಎಂದಿತ್ತು. ಕೌಂಟರಿನ ಪಾರ್ವತಿ ಗಾಬರಿಯಿಂದ ಒತ್ತಿದಳು. ಹೊಸ ಬ್ರೌಸರ್ ಕೆಂಪು ಪರದೆ ತೋರಿಸಿ ಆ ಖೋಟಾ ಪೇಜನ್ನು ತಡೆಯಿತು. ವಿರೂಪಾಕ್ಷನೂ ಒತ್ತಿದ. ಹಳೆಯ ಬ್ರೌಸರ್ ಸುಮ್ಮನೆ ಪೇಜ್ ತೆರೆಯಿತು. ಅವನು ಪಾಸ್‌ವರ್ಡ್ ಹಾಕಿದ.

ಸ್ವಲ್ಪ ಹೊತ್ತಿಗೆಲ್ಲ ಲ್ಯಾಬಿನ ಒಂದು ರಿಪೋರ್ಟೂ ತೆರೆಯದಾಯಿತು. ಆ ಖೋಟಾ ಪೇಜ್ ಮಾಡಿದ ಕಳ್ಳರು ಪಾಸ್‌ವರ್ಡ್ ಬದಲಿಸಿದ್ದರು. ಆಗಲೇ ಹೆರಿಗೆ ಆಸ್ಪತ್ರೆಯಿಂದ ಫೋನ್ ಬಂತು. "ಬಾಣಂತಿಗೆ ಆಪರೇಶನ್ ಮಾಡಬೇಕು, ಬಹಳ ರಕ್ತ ಹೋಗೇದ. ರಿಪೋರ್ಟ್ ಎಲ್ಲಿ?"

ಸುಮಂಗಲಾ ಎದ್ದು ಮಾದರಿ ಹುಡುಕಿದಳು. ಪುಣ್ಯಕ್ಕೆ ಆ ಹೆಂಗಸಿನ ರಕ್ತದ ಮಾದರಿ ಫ್ರಿಜ್‌ನಲ್ಲಿತ್ತು. ತಾನೇ ಕೂತು ಮತ್ತೆ ಪರೀಕ್ಷೆ ಮಾಡಿದಳು. ತಪ್ಪಾದೀತೆಂದು ಹೆದರಿ ಇನ್ನೊಮ್ಮೆ ನೋಡಿದಳು. ಫಲಿತಾಂಶವನ್ನು ಕಾಗದದಲ್ಲಿ ಬರೆದು ಮೆಹಬೂಬನ ಕೈಗೆ ಕೊಟ್ಟಳು. ಅವನು ಬೈಕ್ ಹತ್ತಿ ಆಸ್ಪತ್ರೆಗೆ ಓಡಿದ.

ತಾಯಿ ಉಳಿದಳೆಂಬ ಸುದ್ದಿ ಬರುವವರೆಗೂ ಲ್ಯಾಬಿನಲ್ಲಿ ಯಾರೂ ಒಂದು ಗುಟುಕು ನೀರು ಕುಡಿಯಲಿಲ್ಲ.

"ತಪ್ಪು ನಂದರಿ" ಎಂದು ವಿರೂಪಾಕ್ಷ ತಲೆ ತಗ್ಗಿಸಿದ.

"ನೀ ಕೇಳಿದಿ. ಹೂಂ ಅಂದಾಕಿ ನಾನು" ಎಂದಳು ಸುಮಂಗಲಾ.

ಅಂದೇ ವಿರೂಪಾಕ್ಷನ ಕಂಪ್ಯೂಟರ್‌ಗೂ ಹೊಸ ಬ್ರೌಸರ್ ಹಾಕಿಸಿದಳು. ಖಾತೆ ಮರಳಿ ಸಿಕ್ಕಿತು. ಆದರೆ ಕಳ್ಳರ ಕಣ್ಣಿಗೆ ಬಿದ್ದ ರೋಗಿಗಳ ಗುಟ್ಟು ಮರಳಲಿಲ್ಲ. ಸುಮಂಗಲಾ ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

ನೀತಿ: ಕೆಲಸದ ಕಂಪ್ಯೂಟರ್‌ಗೆ ಕೇಡನ್ನು ತಡೆಯುವ ಬ್ರೌಸರನ್ನೇ ಆರಿಸಬೇಕು, ಯಾರಿಗೂ ರಿಯಾಯಿತಿ ಕೊಡಬಾರದು. ಒಬ್ಬರ ಅನುಕೂಲಕ್ಕೆಂದು ನಾವು ಸಡಿಲ ಬಿಟ್ಟರೆ, ನೋವು ತಿನ್ನುವವರು ನಮ್ಮನ್ನು ನಂಬಿ ಬಂದವರು.