ಎಲೆ-ಅಡಿಕೆ ಬದಲಿಸದ ಮಾತು

"ಗುರುಗಳೇ, ನಾನು ಬರೆದದ್ದು ನನಗೆ ಕಾಣುತ್ತದೆ, ಅಡುಗೆಮನೆಯವರಿಗೆ ಕಾಣುವುದಿಲ್ಲ. ಇದೆಂಥ ಮಾಯೆ?" ಎಂದು ಚೆನ್ನವೀರ ಕೇಳಿದ.

ಅವನು ಮಠದ ಕಂಪ್ಯೂಟರ್ ಶಾಲೆಯ ಶಿಷ್ಯ. ವಸತಿನಿಲಯದ ಮಕ್ಕಳಲ್ಲಿ ಶೇಂಗಾ ಒಗ್ಗದವರ ಹೆಸರುಗಳನ್ನು ಡೇಟಾಬೇಸಿಗೆ ಸೇರಿಸಲು ಒಂದು ಪ್ರೋಗ್ರಾಂ ಬರೆದಿದ್ದ. ಡೇಟಾಬೇಸು ಬಾಗಿಲು ತೆರೆಯಿತು, ಪಾಸ್‌ವರ್ಡ್ ಒಪ್ಪಿತು, ಹೆಸರುಗಳು ಅವನ ಕಣ್ಣೆದುರೇ ಕೋಷ್ಟಕದಲ್ಲಿ ಸಾಲಾಗಿ ಕೂತವು. ಪ್ರೋಗ್ರಾಂ ಮುಗಿದು ಸಂಪರ್ಕ ಕಡಿದೊಡನೆ ಕೋಷ್ಟಕ ಬರಿದು! ತಪ್ಪಾಗಿದೆ ಎಂಬ ಒಂದು ಸೂಚನೆಯೂ ಇಲ್ಲ. ಅಡುಗೆಯವರು ಆ ಕೋಷ್ಟಕ ನೋಡಿಯೇ ಮಕ್ಕಳಿಗೆ ಬಡಿಸುವವರು. ನಾಳೆ ಪಂಕ್ತಿಗೆ ಶೇಂಗಾ ಹೋಳಿಗೆ. ಹೋದ ಸಲ ತಿಳಿಯದೆ ತಿಂದ ಹುಡುಗಿಯೊಬ್ಬಳು ಉಸಿರುಕಟ್ಟಿ ಆಸ್ಪತ್ರೆ ಸೇರಿದ್ದಳು. ಚೆನ್ನವೀರನಿಗೆ ತಲೆ ಚಿಟ್ಟುಹಿಡಿದಿತ್ತು, ಹೆದರಿಕೆಯೂ ಆಗಿತ್ತು.

"ಕೂತುಕೋ ಮಾರಾಯ, ಒಂದು ಕತೆ ಕೇಳು" ಎಂದರು ಗುರುಗಳು.

ಒಬ್ಬ ರೈತ ಮಗನಿಗೆ ಹೆಣ್ಣು ಗೊತ್ತುಮಾಡಲು ಪರವೂರಿಗೆ ಹೋದ. ಜಮಖಾನೆಯ ಮೇಲೆ ಕೂತು ಮಾತಾಡಿದರು. ಹುಡುಗಿ ಒಪ್ಪಿದಳು, ಮುಹೂರ್ತವೂ ಗೊತ್ತಾಯಿತು. ಹುಡುಗಿಯ ತಂದೆ ತಟ್ಟೆ ಮುಂದಿಟ್ಟು, "ಎಲೆ-ಅಡಿಕೆ ಬದಲಿಸೋಣ" ಎಂದ. "ಅಯ್ಯೋ, ಮನಸ್ಸೇ ಕೂಡಿದ ಮೇಲೆ ಎಲೆ ಯಾತಕ್ಕೆ? ಹೊತ್ತು ಮುಳುಗುತ್ತದೆ" ಎಂದು ರೈತ ಎದ್ದು ಗಾಡಿ ಹತ್ತಿದ.

ಊರಿಗೆ ಬಂದು ಹಂದರ ಹಾಕಿಸಿದ. ಬಂಧುಬಳಗ ಕರೆಸಿದ. ಮುಹೂರ್ತದ ದಿನ ದಿಬ್ಬಣ ಹೋಗಿ ನೋಡಿದರೆ, ಆ ಹುಡುಗಿ ಬೇರೊಬ್ಬನ ಪಕ್ಕದಲ್ಲಿ ಹಸೆಯ ಮೇಲೆ ಕೂತಿದ್ದಾಳೆ!

"ನಾನು ಬಂದು ಎಲ್ಲ ಮಾತಾಡಿ ಹೋಗಿರಲಿಲ್ಲವೇ?" ಎಂದು ರೈತ ಕೂಗಾಡಿದ.

"ಬಂದಿರಿ, ಕೂತಿರಿ, ಒಪ್ಪಿದಿರಿ. ಎಲೆ-ಅಡಿಕೆ ಬದಲಿಸದೆ ಎದ್ದಿರಿ. ನೀವು ಎದ್ದ ಮೇಲೆ ಜಮಖಾನೆ ಮಡಿಸಿಟ್ಟೆವು, ಮಾತೂ ಅಲ್ಲಿಗೇ ಮುಗಿಯಿತು" ಎಂದ ಹುಡುಗಿಯ ತಂದೆ.

ಮದುಮಗ ಬಾಸಿಂಗ ಕಟ್ಟಿಕೊಂಡೇ ದಾರಿಯುದ್ದಕ್ಕೂ ಅತ್ತ.

ಗುರುಗಳು ಕತೆ ಮುಗಿಸಿದರು. ಚೆನ್ನವೀರನಿಗೆ ಮದುಮಗನ ಮೇಲೆ ಮರುಕ ಹುಟ್ಟಿತು. ತಲೆಬುಡ ಮಾತ್ರ ತಿಳಿಯಲಿಲ್ಲ.

"ಇದರಲ್ಲಿ ಶೇಂಗಾ ಎಲ್ಲಿ ಬಂತು ಗುರುಗಳೇ?" ಎಂದ.

"ನಿನ್ನ ಪ್ರೋಗ್ರಾಮೂ ಡೇಟಾಬೇಸಿನ ಮನೆಗೆ ಹೋಗಿ ಎಲ್ಲ ಮಾತಾಡಿ ಬಂತಲ್ಲಪ್ಪ, ಏಳುವ ಮುನ್ನ, ಬರೆದದ್ದನ್ನು ಕಾಯಂ ಮಾಡುವ 'ಕಮಿಟ್' ಎಂಬ ಎಲೆ-ಅಡಿಕೆ ಕೊಟ್ಟಿತೇ?"