ಕಿಟಕಿಯ ಕೆಳಗಿನ ತಾಮ್ರ

ಶಿಷ್ಯ ಕೇಳಿದ: "ಗುರುಗಳೇ, ನಿಯಮವು ಹೀಗೆ ಮಾಡು ಎನ್ನುತ್ತದೆ. ಯಾಕೆ ಎಂದು ಹೇಳುವುದಿಲ್ಲ. ಅದು ಕೇಳಿದ್ದಕ್ಕಿಂತ ಉತ್ತಮವಾದದ್ದು ನಮ್ಮ ಕೈಯಲ್ಲಿ ಇರುವಾಗಲೂ ಅದರ ಮಾತನ್ನೇ ಕೇಳಬೇಕೇ?"

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಈ ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಮಂಜುಗಡ್ಡೆ ಮಾಡಿ ಮೀನಿನ ದೋಣಿಗಳಿಗೆ ಮಾರುವುದು ಅವನ ವ್ಯಾಪಾರ. ಮನೆ ಮತ್ತು ಕಾರ್ಖಾನೆ ಒಂದೇ ಅಂಗಳದಲ್ಲಿದ್ದವು. ಯಂತ್ರದಿಂದ ಹೊರಟ ಒಂದು ಕೊಳವೆ ಮನೆಯ ಗೋಡೆಯನ್ನು ಒತ್ತಿಕೊಂಡೇ ನೀರಿನ ತೊಟ್ಟಿಯ ಕಡೆಗೆ ಹೋಗುತ್ತಿತ್ತು. ಅದರೊಳಗೆ ಹರಿಯುತ್ತಿದ್ದದ್ದು ಅಮೋನಿಯಾ. ನೀರನ್ನು ಕಲ್ಲಾಗಿಸುವುದು ಅದೇ. ಒಳಗಿದ್ದರೆ ಅದು ನೊಗ ಹೊತ್ತ ಎತ್ತು. ಹೊರಗೆ ಬಂದರೆ ಮೊದಲು ಕಣ್ಣನ್ನು ಸುಡುತ್ತದೆ, ಆಮೇಲೆ ಉಸಿರನ್ನು.

ಯಂತ್ರದ ಕೋಣೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಮಾತಿತ್ತು: 'ಈ ಅನಿಲಕ್ಕೆ ಉಕ್ಕಿನ ಕೊಳವೆ ಮಾತ್ರ. ತಾಮ್ರ, ಹಿತ್ತಾಳೆ ಕೂಡದು.' ಅಂಥ ಕಾರ್ಖಾನೆಗಳಿಗೆಲ್ಲ ಇರುವ ನಿಯಮ ಅದು. ವರ್ತಕನ ತಂದೆ ಅದನ್ನು ನಿಯಮದ ಪುಸ್ತಕದಿಂದ ತೆಗೆದು ಬರೆಸಿದ್ದ. ಕಾರಣ ಗೋಡೆಯ ಮೇಲೆ ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ.

ವರ್ತಕನ ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಕಡಲ ಗಾಳಿ ಬರುವ ಕೋಣೆಯನ್ನು ಅವಳಿಗೆಂದು ಆರಿಸಿ ಸುಣ್ಣ ಹೊಡೆಸಿದ. ಆ ಕೋಣೆಯ ಕಿಟಕಿಯ ಕೆಳಗೇ ಕೊಳವೆ ಹಾದುಹೋಗಿತ್ತು. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿದು, ಹೊಸ ಸುಣ್ಣದ ಮೇಲೆ ಕೆಂಪು ನೀರು ಇಳಿಯಿತು. ವರ್ತಕನ ಕಣ್ಣಿಗೆ ಅದು ರಕ್ತದಂತೆ ಕಂಡಿತು. ಅವನು ಫಿಟ್ಟರನನ್ನು ಕರೆಸಿದ.

"ಈ ಕಿಟಕಿಯ ಉದ್ದಕ್ಕೂ ತಾಮ್ರದ ಕೊಳವೆ ಹಾಕು. ಪೇಟೆಯಲ್ಲಿ ಇರುವುದರಲ್ಲಿ ದಪ್ಪನೆಯದು, ಒಳ್ಳೆಯದು."

"ತಾಮ್ರ ಕೂಡದು ಧಣಿ."

"ಯಾಕೆ ಕೂಡದು?"

"ಯಾಕೆಂದು ಗೊತ್ತಿಲ್ಲ. ಕೂಡದು ಎಂದು ಗೊತ್ತು."

"ದೇವರ ತೀರ್ಥ ತಾಮ್ರದಲ್ಲಿ. ನಾವು ಕುಡಿಯುವ ನೀರು ತಾಮ್ರದಲ್ಲಿ. ನನ್ನ ಮಗಳ ಕಿಟಕಿಗೆ ಮಾತ್ರ ಈ ತುಕ್ಕು ಕಬ್ಬಿಣವೋ? ನೀನೇನು ನಿನ್ನ ಹೆಂಡತಿಗೆ ಕಬ್ಬಿಣದ ತಾಳಿ ಕಟ್ಟಿದ್ದೀಯಾ?"

"ತಾಳಿಯೊಳಗೆ ಅಮೋನಿಯಾ ಹರಿಯುವುದಿಲ್ಲವಲ್ಲ ಧಣಿ."

ಅಲ್ಲಿದ್ದ ಆಳುಗಳು ನಕ್ಕರು. ವರ್ತಕನೂ ನಕ್ಕ. ನಕ್ಕು, "ಸರಿ, ಕಾರಣ ಹೇಳು, ಬಿಟ್ಟುಬಿಡುತ್ತೇನೆ" ಎಂದ.  ಫಿಟ್ಟರ್ ತಾಮ್ರ ಹಾಕಿದ.

ಹಾಕಿದ ಮೇಲೆ ನೀರು ತುಂಬಿ ಒತ್ತಡ ಏರಿಸಿ ನೋಡಿದರು. ಒಂದು ಹನಿಯೂ ಜಿನುಗಲಿಲ್ಲ. ಫಿಟ್ಟರ್ ಒಂದೊಂದು ಕೀಲಿಗೂ ಕಿವಿಯಿಟ್ಟು ಕೇಳಿದ. ಏನೂ ಕೇಳಿಸಲಿಲ್ಲ.

"ನಿನ್ನ 'ಕೂಡದು' ಎಲ್ಲಿಗೆ ಹೋಯಿತಪ್ಪಾ?" ಎಂದ ವರ್ತಕ.

ಮಗಳು ಬಂದಳು. ಅವಳನ್ನು ನೋಡಿಕೊಳ್ಳಲು ವರ್ತಕನ ಅಕ್ಕ, ಅಂದರೆ ಅವಳ ಸೋದರತ್ತೆ, ಬಂದಳು. ಇಬ್ಬರೂ ಆ ಅಂಗಳದಲ್ಲೇ ಹುಟ್ಟಿ ಬೆಳೆದವರು. ಗಾಳಿಯಲ್ಲಿ ಸದಾ ಇರುವ ಸಣ್ಣ ಘಾಟು ಅವರಿಗೆ ಕಡಲ ಸದ್ದಿನಂತೆ, ಇದ್ದೂ ತಿಳಿಯದು.

ಕೆಲವು ವಾರ ಕಳೆದ ಮೇಲೆ ಕೊಳವೆಯ ಕೀಲಿನ ಬಳಿ ನೀಲಿ ಕಾಣಿಸಿತು. ನವಿಲಿನ ಕೊರಳಿನ ನೀಲಿ. ಒರೆಸಿದರೆ ಹೋಗುತ್ತಿತ್ತು. ಬೆಳಗಾದರೆ ಮತ್ತೆ ಇರುತ್ತಿತ್ತು, ನಿನ್ನೆಗಿಂತ ಒಂದು ಬೆರಳು ಆಚೆಗೆ. ತಾಮ್ರ ಕಿಲುಬು ಹಿಡಿದರೆ ಮನೆಯ ಹೆಂಗಸರು ಏನು ಮಾಡುತ್ತಾರೋ ಅತ್ತೆ ಅದನ್ನೇ ಮಾಡಿದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕೊಳವೆ ಹಬ್ಬಕ್ಕೆ ತೊಳೆದ ತಂಬಿಗೆಯಂತೆ ಹೊಳೆಯಿತು. ಅವಳ ಅಂಗೈಯ ಗೆರೆಗಳಲ್ಲಿ ನೀಲಿ ಉಳಿಯಿತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ. ತೊಳೆದ ನೀರು ಬಿದ್ದ ಕಡೆ ಗರಿಕೆ ಒಣಗಿತು. ಕಿಟಕಿಯ ಬಳಿ ಬಂದು ಕೂರುತ್ತಿದ್ದ ಬೆಕ್ಕು ಬರುವುದನ್ನು ಬಿಟ್ಟಿತು.

ಹೆರಿಗೆ ಸುಖವಾಗಿ ಆಯಿತು. ಹೆಣ್ಣು ಕೂಸು.

ಒಂದು ಮಧ್ಯಾಹ್ನ ಅತ್ತೆ ಕೂಸಿಗೆ ಎಣ್ಣೆ ತಿಕ್ಕುತ್ತಾ, "ಇದರ ಅಮ್ಮ ಮೊಮ್ಮಕ್ಕಳ ಮದುವೆ ನೋಡಿಯೇ ಹೋಗುವವಳು" ಎಂದಳು. ಕಿಟಕಿಯ ಕಡೆಯಿಂದ ಲೊಚ್ಚೆಂದು ಸದ್ದಾಯಿತು. ಅತ್ತೆ ಬೆರಳಿನಿಂದ ನೆಲ ತಟ್ಟಿ, "ಕೃಷ್ಣ ಕೃಷ್ಣ. ಹಲ್ಲಿ ನುಡಿಯಿತು ನೋಡು. ಹೇಳಿದ್ದು ಆಗುತ್ತದೆ" ಎಂದಳು.

"ಆ ಗೋಡೆಯಲ್ಲಿ ಹಲ್ಲಿಯೇ ಇಲ್ಲ ಅತ್ತೆ" ಎಂದಳು ಮಗಳು. "ಇಡೀ ದಿನ ಮಲಗಿಕೊಂಡು ಅದನ್ನೇ ನೋಡುತ್ತಿರುತ್ತೇನೆ. ಇರುವೆ ಕೂಡ ಇಲ್ಲ."

"ಮತ್ತೆ ನುಡಿದದ್ದು ಯಾರು?"

"ಅದನ್ನೇ ನಾನೂ ಕೇಳುತ್ತಿದ್ದೇನೆ. ನೀವು ಏನಾದರೂ ಹೇಳಿದರೆ ನುಡಿಯುತ್ತದೆ. ಯಾರೂ ಏನೂ ಹೇಳದಿದ್ದರೂ ನುಡಿಯುತ್ತದೆ. ಈಚೆಗೆ ಹತ್ತಿರ ಹತ್ತಿರ ನುಡಿಯುತ್ತಿದೆ."

"ಬಾಣಂತಿಯ ಬಾಯಲ್ಲಿ ಇಂಥ ಮಾತು ಬರಬಾರದು. ಗಾಳಿ ಹೊಕ್ಕಿರಬೇಕು." ಅತ್ತೆ ಹೊಸ ಹತ್ತಿಯನ್ನು ಉಂಡೆ ಮಾಡಿ ಅವಳ ಎರಡೂ ಕಿವಿಗೆ ಒತ್ತಿ ಇಟ್ಟಳು. ಆಮೇಲೆ ಮಗಳು ಆ ಸದ್ದಿನ ಮಾತು ಎತ್ತಲಿಲ್ಲ.

ಫಿಟ್ಟರ್ ಬಂದು ನೀಲಿಯನ್ನು ನೋಡಿದ. ಕೊಳವೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಗಂಟೆಯಂತೆ ನುಡಿಯಬೇಕಾದದ್ದು ಬಿರುಕುಬಿಟ್ಟ ಮಡಕೆಯಂತೆ ನುಡಿಯಿತು. ಅವನು ನೇರವಾಗಿ ವರ್ತಕನ ಬಳಿಗೆ ಹೋದ.

"ಇದನ್ನು ಇವತ್ತೇ ಕಿತ್ತುಬಿಡೋಣ ಧಣಿ. ಒಳಗೆ ಏನೋ ಆಗಿದೆ."

"ಏನಾಗಿದೆ?"

"ತಿಳಿಯದು."

"ನಿನಗೆ ತಿಳಿದದ್ದು ಯಾವಾಗ? ನೋಡು, ಹಾಕಿದ ದಿನಕ್ಕಿಂತ ಚೆನ್ನಾಗಿ ಹೊಳೆಯುತ್ತಿದೆ. ಈಗ ಅಲ್ಲಿ ಕುಟ್ಟಿ ಬಡಿದು ಮಾಡಿದರೆ ಕೂಸು ಬೆಚ್ಚುತ್ತದೆ. ನಾಮಕರಣ ಮುಗಿಯಲಿ."

ಫಿಟ್ಟರ್ ಅಂದಿನಿಂದ ಆ ಕಿಟಕಿಯ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು ಹಾಯುತ್ತಿದ್ದ.

ನಾಮಕರಣದ ಹಿಂದಿನ ದಿನ ಬೆಳಿಗ್ಗೆ ಅತ್ತೆ ಕೂಸನ್ನು ಎಳೆಬಿಸಿಲಿಗೆ ಹಿಡಿಯಲು ಮುಂದಿನ ಜಗಲಿಗೆ ಎತ್ತಿಕೊಂಡು ಹೋದಳು. ಮಗಳು ಕಿಟಕಿಯ ಪಕ್ಕದಲ್ಲಿ ಮಲಗಿ ನಿದ್ದೆಹೋಗಿದ್ದಳು. ಕೊಳವೆಯನ್ನು ಯಾರೂ ಮುಟ್ಟಲಿಲ್ಲ. ಯಾವ ಸ್ಫೋಟವೂ ಆಗಲಿಲ್ಲ. ಜಗಲಿಯಲ್ಲಿ ಅಳುತ್ತಿದ್ದ ಕೂಸು ಒಮ್ಮೆಲೇ ಅಳು ನಿಲ್ಲಿಸಿತು. ಆಮೇಲೆ ಒಳಗಿನಿಂದ ಘಾಟು ಬಂತು.

ಫಿಟ್ಟರ್ ಓಡಿ ಯಂತ್ರ ನಿಲ್ಲಿಸಿದ. ವರ್ತಕ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಕೋಣೆಗೆ ನುಗ್ಗಿದ. ಅಷ್ಟರಲ್ಲಿ ಮಗಳ ಉಸಿರು ನಿಂತಿತ್ತು. ಜಗಲಿಯಲ್ಲಿದ್ದ ಕೂಸು ಉಳಿಯಿತು.

ಹೊರಗೆ ಕೊಳವೆ ಇದ್ದ ಹಾಗೆಯೇ ಇತ್ತು. ಬಾಗಿರಲಿಲ್ಲ, ಸವೆದಿರಲಿಲ್ಲ. ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಉದ್ದಕ್ಕೂ ಒಂದೇ ಒಂದು ಗೆರೆ, ಕೂದಲಿಗಿಂತ ತೆಳ್ಳಗಿನದು. ಗಾಳಿ ತಿಳಿಯಾದ ಮೇಲೆ ಫಿಟ್ಟರ್ ಅದನ್ನು ಕೈಯಲ್ಲಿ ಹಿಡಿದ. ಹಪ್ಪಳದಂತೆ ಮುರಿಯಿತು. ತಾಮ್ರದ ರೂಪ ಉಳಿದಿತ್ತು, ತಾಮ್ರದ ಬಲ ಎಂದೋ ಹೋಗಿತ್ತು. ಒಳಗೆ ಹರಿಯುತ್ತಿದ್ದದ್ದು ಕಡಲ ತೇವದೊಡನೆ ಕೂಡಿ ಅದನ್ನು ಕಣಕಣದ ಸಂದಿಯಲ್ಲಿ ತಿಂದಿತ್ತು.

ಕೇಳಲು ಬಂದವರಿಗೆಲ್ಲ ವರ್ತಕ ಒಂದೇ ಮಾತು ಹೇಳಿದ: "ಪೇಟೆಯಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ." 

ಮಳೆಗಾಲ ಕಳೆದ ಮೇಲೆ ಯಂತ್ರದ ಕೋಣೆಗೆ ಸುಣ್ಣ ಹೊಡೆಸಿದರು. ಗೋಡೆಯ ಮೇಲಿನ ನಿಯಮವನ್ನು ಮತ್ತೆ ಬರೆಯಬೇಕಾಯಿತು. ಬಣ್ಣದವನು ಬರೆದು ಮುಗಿಸಿ, "ಯಾಕೆ ಕೂಡದು ಎಂಬುದನ್ನೂ ಕೆಳಗೆ ಬರೆಯಲೇ? ಮುಂದೆ ಬರುವವರಿಗೆ ತಿಳಿಯುತ್ತದೆ" ಎಂದು ಕೇಳಿದ. ವರ್ತಕ ತಾನೇ ಬರೆಯುತ್ತೇನೆಂದು ಕುಂಚವನ್ನು ಇಸಿದುಕೊಂಡ. ಗೋಡೆಯ ಮುಂದೆ ನಿಂತ. ಕುಂಚದ ಬಣ್ಣ ಒಣಗಿತು. ಅವನು ಅದನ್ನು ಹಿಂದಕ್ಕೆ ಕೊಟ್ಟು ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಈ ವರ್ತಕನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮೊಟ್ಟಮೊದಲು ಪುಸ್ತಕದಲ್ಲಿ ಆ ನಿಯಮ ಬರೆದವನೊಬ್ಬ ಇದ್ದನಲ್ಲ, ಅವನಾದರೂ ಕಾರಣ ಬರೆದಿದ್ದರೆ ಈ ಹುಡುಗಿ ಉಳಿಯುತ್ತಿದ್ದಳು. ಅವನೇಕೆ ಬರೆಯಲಿಲ್ಲ?"

ಗುರುಗಳು ಹೇಳಿದರು: "ಅವನಿಗೂ ಒಬ್ಬಳು ಮಗಳಿದ್ದಳು."